ಎರಡನೇ ಮಹಡಿಯ ಡ್ರಮ್ಮರ್

ನನ್ನ ಗಂಡನಿಗೆ ಒಳ್ಳೆಯ ಹೆಸರೊಂದಿದೆ. ಲೈಸೆನ್ಸಿನ ಅರ್ಜಿಗಳ ತಳದಲ್ಲಿ ಸಹಿಯಾಗಿ ಬೀಳುವುದು ಬಿಟ್ಟರೆ ಆ ಹೆಸರು ಬೇರೆ ಯಾವ ಉಪಯೋಗಕ್ಕೂ ಬಂದಿಲ್ಲ. ಊರಿಗೆಲ್ಲ ಇವರು ಕ್ಲಚ್ ಸರ್. ಇಪ್ಪತ್ತೆಂಟು ವರ್ಷದಿಂದ ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದಾರೆ. ಸ್ಕೂಲು ಎಂದ ತಕ್ಷಣ ದೊಡ್ಡದಾಗಿ ಏನೇನೋ ಕಲ್ಪಿಸಿಕೊಳ್ಳಬೇಡಿ. ಒಂದು ಮೇಜು, ಮೂರು ಕುರ್ಚಿ, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಪಟ, ಹೊರಗೆ ಒಂದು ಬಿಳಿ ಕಾರು, ಮೇಜಿನ ಹಿಂದೆ ನಾನು. ಅರ್ಜಿ ತುಂಬುವುದು, ಫೋಟೋ ಅಂಟಿಸುವುದು, ಪರೀಕ್ಷೆಯಲ್ಲಿ ಫೇಲಾದವರಿಗೆ ನೀರು ಕೊಟ್ಟು ಸಮಾಧಾನ ಹೇಳುವುದು ನನ್ನ ಕೆಲಸ. ಉಳಿದದ್ದು ಇವರದು.

ಕಲಿಸುವ ಕಾರಿನಲ್ಲಿ ಮೇಷ್ಟರ ಕಡೆಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ. ಕಲಿಯುವವರ ಕಾಲು ಮರೆತದ್ದನ್ನು ಇವರ ಕಾಲು ನೆನಪಿಟ್ಟುಕೊಂಡು ಮಾಡಿಬಿಡುತ್ತದೆ. ಜೊತೆಗೆ ಹಾಡು ಹಾಕುತ್ತಾರೆ. ಮೊದಲು ಕ್ಯಾಸೆಟ್ಟು, ಆಮೇಲೆ ಸಿ.ಡಿ., ಈಗ ಪೆನ್‌ಡ್ರೈವ್. ಯಂತ್ರ ಬದಲಾದರೂ ಹಾಡು ಮಾತ್ರ ಅದೇ, ‘ಬಾಗಿಲು ತಳ್ಳು’. ಈ ಊರಿನ ಅರ್ಧ ಜನ ಫಸ್ಟ್ ಗೇರಿನಿಂದ ಸೆಕೆಂಡಿಗೆ ದಾಟಿದ್ದು ಆ ಹಾಡಿನ ಮೇಲೆಯೇ. ಯಾರಾದರೂ ಕೇಳಿಯೇ ಕೇಳುತ್ತಿದ್ದರು, ಸರ್, ಈ ಡ್ರಮ್ಮು ಬಾರಿಸಿದ್ದು ನೀವೇ ಅಂತೆ, ಹೌದಾ ಎಂದು. ಇವರು “ಹ್ಞೂಂ, ಮುಂದೆ ನೋಡು” ಅನ್ನುತ್ತಿದ್ದರು.

ಆ ಹ್ಞೂಂ ಸುಳ್ಳು. ಅದು ಸುಳ್ಳೆಂದು ಇವರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ನನ್ನ ಅಣ್ಣನಿಗಂತೂ ಚೆನ್ನಾಗಿಯೇ ಗೊತ್ತಿತ್ತು. ಮೂವರೂ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗೆ ಇಪ್ಪತ್ತೈದು ವರ್ಷ ಕಳೆದೆವು. ನುಂಗಲಿಲ್ಲ, ಉಗುಳಲೂ ಇಲ್ಲ.

ಬ್ಯಾಂಡು ಶುರುವಾದದ್ದು ನನ್ನ ತವರಿನಲ್ಲಿ, ಬಾಡಿಗೆಗಿದ್ದ ಮನೆಯ ಎರಡನೇ ಮಹಡಿಯಲ್ಲಿ. ಅಣ್ಣ ಬಟ್ಟೆ ಕಾರ್ಖಾನೆಯೊಂದರಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ. ಸಂಬಳ ಬಂದ ಮೊದಲ ವರ್ಷವೇ ಒಂದು ಬೇಸ್ ಗಿಟಾರ್ ತಂದ. ಅದನ್ನು ಮೀಟುವುದಿಲ್ಲ, ಹೆಬ್ಬೆರಳಿನಿಂದ ಹೊಡೆಯುತ್ತಾನೆ, ಮತ್ತೊಂದು ಬೆರಳಿನಿಂದ ತಂತಿ ಎಳೆದು ಬಿಡುತ್ತಾನೆ. ಫಂಕ್ ಮೆಟಲ್ ಎಂದರೆ ಹಾಗೆಯೇ ಅಂತೆ. ನನಗೆ ತಿಳಿದಷ್ಟು ಹೇಳುತ್ತೇನೆ: ಬೇಸೂ ಡ್ರಮ್ಮೂ ಸೇರಿ ಕುಣಿ ಕುಣಿ ಅನ್ನುತ್ತವೆ, ಅವುಗಳ ನೆತ್ತಿಯ ಮೇಲೆ ಕೂತ ಗಿಟಾರು ಓಡು ಓಡು ಅನ್ನುತ್ತದೆ. ಕೇಳುವವನು ನಿಂತಲ್ಲೇ ಒದ್ದಾಡುತ್ತಾನೆ. ಅಮ್ಮ ಮೊದಲ ದಿನವೇ ತೀರ್ಪು ಕೊಟ್ಟಳು. “ಇದನ್ನ ಮದುವೆ ಮನೇಲೂ ಬಾರಿಸೋಕಾಗಲ್ಲ, ಸಾವಿನ ಮನೇಲೂ ಬಾರಿಸೋಕಾಗಲ್ಲ. ಮತ್ಯಾಕ್ರೋ ಕಲೀತೀರಾ?”

ಹಾಡುವವನು ಬಸ್ ನಿಲ್ದಾಣದಲ್ಲಿ ಅನೌನ್ಸರ್. ದಿನವಿಡೀ ಯಾವ ಬಸ್ಸು ಯಾವ ಅಂಕಣದಲ್ಲಿ ಎಂದು ಕೂಗಿ ಕೂಗಿ ಕಬ್ಬಿಣದಂಥ ಗಂಟಲು ಮಾಡಿಕೊಂಡಿದ್ದ. ಅವನನ್ನು ಮೈಕು ಎಂದೇ ಕರೆಯುತ್ತಿದ್ದರು. ಗಿಟಾರಿನವನು ಅಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುತ್ತಿದ್ದ. ಡ್ರಮ್ಮಿಗೆ ಇವರು, ಅಣ್ಣನ ಶಾಲೆಯ ಗೆಳೆಯ. ಆಗ ಬೇರೆಯವರ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಿದ್ದರು. ಕ್ಲಚ್ಚು ಬ್ರೇಕುಗಳ ಮೇಲೆ ಪಳಗಿದ ಎರಡು ಕಾಲುಗಳು ಡ್ರಮ್ಮಿನ ಎರಡು ಪೆಡಲುಗಳ ಮೇಲೆ ಕೂತದ್ದೇ ಮನೆಯ ಕಿಟಕಿಗಳು ನಡುಗಿದವು.

ಕೆಳಗಿನ ಮಹಡಿಯಲ್ಲಿ ನಿವೃತ್ತಿಯಾದ ಗಣಿತದ ಟೀಚರೊಬ್ಬರಿದ್ದರು. ಅವರು ಮನೆಯ ಮಾಲೀಕರಿಗೆ ಎರಡು ಪುಟದ ದೂರು ಬರೆದರು. ಅದರಲ್ಲಿ ‘ಎರಡನೇ ಮಹಡಿಯವರ ಗಲಾಟೆ’ ಎಂಬ ಮಾತು ಒಂಬತ್ತು ಸಲ ಬರುತ್ತದೆ. ಮೈಕು ಆ ಕಾಗದವನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದ, ಬ್ಯಾಂಡಿಗೆ ‘ಎರಡನೇ ಮಹಡಿ’ ಎಂದು ಹೆಸರಾಯಿತು. ಭಾನುವಾರ ಮೂರರಿಂದ ಆರು ಗಂಟೆಯವರೆಗೆ ಮಾತ್ರ ಎಂದು ಟೀಚರಮ್ಮನೊಂದಿಗೆ ಒಪ್ಪಂದವಾಯಿತು. ಮೂರು ಹೊಡೆಯುವ ಹೊತ್ತಿಗೆ ಅವರು ಕೊಡೆ ಹಿಡಿದು ಮಗಳ ಮನೆಗೆ ಹೊರಟುಬಿಡುತ್ತಿದ್ದರು.

ಅವರು ಬಾರಿಸುತ್ತಿದ್ದ ಮುಂದಿನ ಕೋಣೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅಡುಗೆಮನೆಯ ಬಾಗಿಲ ಪಕ್ಕದ ಮೂಲೆಯಲ್ಲಿ ಡ್ರಮ್ಮು. ಇವರ ಕಿವಿಗೆ ತಾಗಿದಂತೆ ಗಿಟಾರಿನ ದೊಡ್ಡ ಸ್ಪೀಕರ್ ಪೆಟ್ಟಿಗೆ. ಅಣ್ಣನ ಬೇಸಿನ ಪೆಟ್ಟಿಗೆ ದೂರದ ಕಿಟಕಿಯ ಕೆಳಗೆ. ಎದುರಿಗೆ ಅಣ್ಣ ನಿಲ್ಲುತ್ತಿದ್ದ, ಅವನ ಹಿಂದೆ ಮಣೆಯ ಮೇಲೆ ಬಟಾಣಿ ಸುಲಿಯುತ್ತ ನಾನು. ಬಾರಿಸುವಾಗ ಇವರು ತಲೆ ಎತ್ತುತ್ತಲೇ ಇರಲಿಲ್ಲ, ಕಣ್ಣು ನನ್ನ ಕಡೆಯ ನೆಲದ ಮೇಲೆ. ಹುಡುಗ ಎಷ್ಟು ಮರ್ಯಾದಸ್ಥ, ಹೆಣ್ಣುಮಗಳ ಮುಖ ಎತ್ತಿ ಸಹ ನೋಡುವುದಿಲ್ಲ ಎಂದು ಅಮ್ಮ ಮೆಚ್ಚಿಕೊಂಡಳು. ನಾನೂ ಆ ನಾಚಿಕೆಗೇ ಸೋತೆ. ಎರಡು ವರ್ಷ ಬಟಾಣಿ ಸುಲಿದು ಮದುವೆಯಾದೆ.

ಇವರು ನೋಡುತ್ತಿದ್ದದ್ದು ನನ್ನನ್ನಲ್ಲ, ಅಣ್ಣನ ಬಲಗಾಲಿನ ಹಿಮ್ಮಡಿಯನ್ನು. ಈ ವಿಷಯ ನನಗೆ ತಿಳಿದದ್ದು ಹೋದ ವರ್ಷ, ಆದರೆ ಈಗಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳುವ ಚಾಳಿ ನನಗಿಲ್ಲ. ಅಣ್ಣನಿಗೆ ದಿನವೆಲ್ಲ ಹೊಲಿಗೆ ಯಂತ್ರದ ಪೆಡಲು ತುಳಿದು ನೋಡುವ ಕೆಲಸ. ಬೇಸ್ ಹಿಡಿದರೂ ಅವನ ಹಿಮ್ಮಡಿ ಮೇಲೆ ಕೆಳಗೆ ಆಡುತ್ತಲೇ ಇರುತ್ತಿತ್ತು, ಕೂದಲೆಳೆಯಷ್ಟೂ ತಪ್ಪದೆ. ಗಿಟಾರಿನ ಅಬ್ಬರದಲ್ಲಿ ಇವರಿಗೆ ಬೇಸ್ ಕೇಳುತ್ತಿರಲಿಲ್ಲ. ಕಿವಿ ಕೈಕೊಟ್ಟ ಕಡೆ ಕಣ್ಣು ಕೆಲಸ ಕಲಿಯಿತು. ಇವರಿಗೇ ಇದು ಗೊತ್ತಿರಲಿಲ್ಲ. ಉಸಿರಾಡುವವನಿಗೆ ಮೂಗಿನ ನೆನಪಿರುತ್ತದೆಯೇ?

ಗೊತ್ತಿದ್ದದ್ದು ಅಣ್ಣನಿಗೊಬ್ಬನಿಗೆ. ಒಮ್ಮೆ ಪಾದ ಉಳುಕಿ ಅವನು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬಾರಿಸಿದ. ಅವತ್ತು ಡ್ರಮ್ಮು ಮೂರಾಬಟ್ಟೆಯಾಯಿತು. ಮುಂದಿನ ವಾರ ಕಾಲು ನೆಲಕ್ಕಿಟ್ಟ, ಎಲ್ಲ ಸರಿಹೋಯಿತು. ಅವನು ಯಂತ್ರದವನು, ಎಲ್ಲಿ ಕೆಟ್ಟಿದೆ ಎಂದು ಅರ್ಧ ನಿಮಿಷದಲ್ಲಿ ಹಿಡಿಯುತ್ತಾನೆ. ಹಿಡಿದ, ಆದರೆ ಹೇಳಲಿಲ್ಲ, ಹೇಳಿದರೆ ಇವರು ಸಂಕೋಚಪಟ್ಟು ಇದ್ದದ್ದನ್ನೂ ಕೆಡಿಸಿಕೊಂಡಾರು ಎಂದು. ಅಂದಿನಿಂದ ಎಲ್ಲಿ ಹೋದರೂ ಕೋಣೆಯಲ್ಲಿದ್ದ ಹಾಗೆಯೇ ಡ್ರಮ್ಮಿನ ಕಡೆ ತಿರುಗಿ, ಹಿಮ್ಮಡಿ ಇವರಿಗೆ ಕಾಣುವ ಹಾಗೆ ನೋಡಿಕೊಂಡು ನಿಲ್ಲುತ್ತಿದ್ದ. ಪ್ರೇಕ್ಷಕರಿಗೆ ಅರ್ಧ ಬೆನ್ನು ತೋರಿಸಿ ನಿಲ್ಲುವ ಬೇಸಿನವನು ಎಂದು ಅವನಿಗೆ ಹೆಸರಾಯಿತು, ಜನ ಅದನ್ನು ಜಂಭ ಅಂದುಕೊಂಡರು. ನನ್ನ ಅಣ್ಣನ ಮೇಲೆ ನನಗೆ ಎಷ್ಟೇ ಸಿಟ್ಟಿದ್ದರೂ ಈ ಒಂದು ವಿಷಯಕ್ಕೆ ಅವನ ಮೇಲೆ ಪ್ರೀತಿ ಉಕ್ಕುತ್ತದೆ.

ಮೊದಲ ಪ್ರದರ್ಶನ ಅಣ್ಣನ ಕಾರ್ಖಾನೆಯ ಊಟದ ಹಾಲಿನಲ್ಲಿ. ಆರು ನೂರು ಹೊಲಿಗೆಯವರು ಬೆಂಚುಗಳ ಮೇಲೆ ಹತ್ತಿ ಕುಣಿದರು, ನಾಲ್ಕು ಬೆಂಚು ಮುರಿದವು, ಮ್ಯಾನೇಜರು ಮುಂದಿನ ವರ್ಷ ಬೇಡ ಎಂದರು, ಹೊಲಿಗೆಯವರು ಬೇಕು ಎಂದರು. ಅಲ್ಲಿಂದ ಕಾಲೇಜುಗಳು, ಒಂದು ಸಿಮೆಂಟ್ ಗೋದಾಮು, ಒಂದು ಹಳೆಯ ಈಜುಕೊಳ. ಒಮ್ಮೆ ಹೆಸರಾಂತ ತಂಡವೊಂದರ ಮುಂಚೆ ಅರ್ಧ ಗಂಟೆ ಬಾರಿಸಲು ಕರೆದರು. ಜನಕ್ಕೆ ಎರಡನೇ ಮಹಡಿ ಬೇಡ, ದೊಡ್ಡ ತಂಡವೇ ಬೇಕು, ಕೂಗಾಟ. ಮೈಕು ನಿಲ್ದಾಣದ ಧ್ವನಿ ತೆಗೆದ. “ಪ್ರಯಾಣಿಕರ ಗಮನಕ್ಕೆ. ನೀವು ಕಾಯ್ತಿರೋ ಬಸ್ಸು ಮೂವತ್ತು ನಿಮಿಷ ತಡ. ಅಲ್ಲೀವರೆಗೆ ಈ ಡಕೋಟಾದಲ್ಲೇ ಹತ್ತಬೇಕು.” ಜನ ನಕ್ಕುಬಿಟ್ಟರು. ನಗಿಸಿದವನು ಅರ್ಧ ಗೆದ್ದಂತೆ. ಅರ್ಧ ಗಂಟೆ ಮುಗಿದ ಮೇಲೂ ಜನ ಆ ಡಕೋಟಾದಿಂದ ಇಳಿಯಲು ಒಪ್ಪಲಿಲ್ಲ.

ಆ ಗುಂಪಿನಲ್ಲಿ ಕ್ಯಾಸೆಟ್ ಕಂಪನಿಯವನೊಬ್ಬ ಇದ್ದ. ಏಳು ಹಾಡು, ನಾಲ್ಕು ದಿನ, ಸ್ಟುಡಿಯೋ ನಮ್ಮದು ಎಂದ. ಆಗ ಇವರು ಸ್ವಂತ ಸ್ಕೂಲು ತೆರೆದು ಮೂರು ವರ್ಷವಾಗಿತ್ತು, ಮಗಳಿಗೆ ಎರಡು ವರ್ಷ. ಹೊರಡುವ ದಿನ ಮೂರು ಸಲ ಕೈಚೀಲ ಬಿಚ್ಚಿ ಕೋಲುಗಳಿವೆಯೇ ಎಂದು ನೋಡಿಕೊಂಡರು. ಮದುವೆಯ ದಿನವೂ ಇವರ ಮುಖದಲ್ಲಿ ಅಷ್ಟು ಕಳೆ ನಾನು ಕಂಡಿರಲಿಲ್ಲ.

ಸ್ಟುಡಿಯೋದಲ್ಲಿ ಡ್ರಮ್ಮಿಗೆಂದೇ ಒಂದು ಗಾಜಿನ ಕೋಣೆ. ಇವರನ್ನು ಅದರೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಬಾಗಿಲು ಮುಚ್ಚಿದರು. ಅಣ್ಣ ಆಚೆ ಕಡೆ, ರೆಕಾರ್ಡಿಂಗ್ ಯಂತ್ರದ ಹಿಂದಿನ ಸೋಫಾದಲ್ಲಿ. ಗಾಜಿನಿಂದ ಅಣ್ಣನ ತಲೆ ಕಾಣುತ್ತಿತ್ತು, ಕಾಲು ಕಾಣುತ್ತಿರಲಿಲ್ಲ. ಮೊದಲ ದಿನ ಒಂದು ಹಾಡೂ ನಿಲ್ಲಲಿಲ್ಲ. ಎರಡನೇ ದಿನವೂ ಇಲ್ಲ. ಕೈ ಮುಂದೆ ಓಡುತ್ತದೆ, ಕಾಲು ಹಿಂದೆ ಬೀಳುತ್ತದೆ. ಪ್ರತಿ ಹಾಡು ಕೆಟ್ಟಾಗಲೂ ಇವರು ಗಾಜಿನ ಒಳಗಿಂದಲೇ ಕೈಮುಗಿದು ಕ್ಷಮೆ ಕೇಳುತ್ತಿದ್ದರಂತೆ. ರೆಕಾರ್ಡಿಂಗಿನವನು ಬಹಳ ಮರ್ಯಾದೆಯ ಮನುಷ್ಯ. ಪರವಾಗಿಲ್ಲ ಸರ್, ಪರವಾಗಿಲ್ಲ ಸರ್ ಎಂದ. ಬೈದಿದ್ದರೆ ವಾಸಿಯಿತ್ತು.

ಮೂರನೇ ದಿನ ಬೆಳಿಗ್ಗೆ ಅವನೇ ದಾರಿ ತೋರಿಸಿದ. ಒಬ್ಬ ಬಾಡಿಗೆಯ ಡ್ರಮ್ಮರ್ ಇದ್ದಾನೆ, ಒಂದೇ ಮಧ್ಯಾಹ್ನದಲ್ಲಿ ಏಳೂ ಹಾಡು ಮುಗಿಸುತ್ತಾನೆ, ಹೆಸರು ಹಾಕಿಸಿಕೊಳ್ಳುವುದಿಲ್ಲ. ಮೈಕು, ಗಿಟಾರಿನವನು ಒಪ್ಪಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕ. ಅಣ್ಣನೂ ತಲೆಯಾಡಿಸಿದ. ಅವನು ಬಾಯಿ ಬಿಟ್ಟು ಹೇಳಬೇಕಾಗಿದ್ದದ್ದು ಇಷ್ಟೇ: ಆ ಗಾಜಿನ ಕೋಣೆಯೊಳಗೆ ಇನ್ನೊಂದು ಕುರ್ಚಿ ಹಾಕಿ, ನಾನು ಅಲ್ಲಿ ಕೂರುತ್ತೇನೆ, ಅವನಿಗೆ ನನ್ನ ಕಾಲು ಕಾಣಲಿ. ಆದರೆ ಕಂಪನಿಯ ದೊಡ್ಡವರು ಕೂತಿದ್ದಾರೆ, ಅವರ ಮುಂದೆ ನಮ್ಮ ಡ್ರಮ್ಮರ್ ನನ್ನ ಹಿಮ್ಮಡಿ ನೋಡಿಕೊಂಡು ಬಾರಿಸುತ್ತಾನೆ ಎಂದರೆ ನಗುತ್ತಾರೆ, ಹಳ್ಳಿ ಗಮಾರರು ಎಂದು ಮನೆಗೆ ಕಳಿಸುತ್ತಾರೆ ಎಂದು ಅವನಿಗೆ ನಾಚಿಕೆಯಾಯಿತು. ಐದು ನಿಮಿಷದ ನಾಚಿಕೆ. ಇವರ ಬಳಿ ಬಂದು, ನಿನ್ನ ಭಾಗ ಆಯ್ತು ಕಣೋ, ನಿನ್ನೆಯದೇ ಸಾಕಂತೆ, ನಾಳೆ ನಿನ್ನ ಹುಡುಗರಿಗೆ ಪರೀಕ್ಷೆ ಇದೆಯಲ್ಲ, ಹೊರಡು ಎಂದ. ಕೈಚೀಲ ಹೊತ್ತು ಬಸ್ಸಿನ ತನಕ ಬಂದು ಬಿಟ್ಟುಹೋದ. ಇವರು ನಿರಾಳವಾಗಿ ಮನೆಗೆ ಬಂದು, ಅಂತೂ ಹೇಗೋ ದಡ ಮುಟ್ಟಿದೆ ಎಂದು ಮಗಳನ್ನು ಎತ್ತಿ ಆಡಿಸಿದರು.

ಎರಡು ತಿಂಗಳ ಮೇಲೆ ಕ್ಯಾಸೆಟ್ ಬಂತು. ಹೊದಿಕೆಯ ಮೇಲೆ ನಾಲ್ವರ ಫೋಟೋ, ಇವರ ಹೆಸರಿನ ಮುಂದೆ ಡ್ರಮ್ಸ್ ಎಂದು ದಪ್ಪಕ್ಷರ. ಮನೆಯಲ್ಲಿ ಟೇಪ್ ಕೆಟ್ಟಿತ್ತು, ಕಾರಿನಲ್ಲೇ ಕೇಳೋಣ ಬಾ ಎಂದು ಕರೆದರು. ನಾನು ಚಾಲಕಿಯ ಜಾಗದಲ್ಲಿ, ಇವರು ತಮ್ಮ ಜಾಗದಲ್ಲಿ. ‘ಬಾಗಿಲು ತಳ್ಳು’ ಶುರುವಾಯಿತು. ಇವರ ಕಾಲುಗಳು ಕ್ಲಚ್ಚು ಬ್ರೇಕುಗಳ ಮೇಲೆ ತಾಳ ಹಾಕತೊಡಗಿದವು, ನಾಲ್ಕು ಹೆಜ್ಜೆ ಹೋದವು, ಕ್ಯಾಸೆಟ್ಟಿನ ಡ್ರಮ್ಮು ಬೇರೆಡೆಗೆ ತಿರುಗಿತು. ಕಾಲುಗಳು ನಿಂತವು. ಪೂರ್ತಿ ಕ್ಯಾಸೆಟ್ ಕೇಳಿದೆವು, ಎರಡೂ ಮಗ್ಗುಲು. ಆ ಕಾಲುಗಳು ಮತ್ತೆ ಅಲುಗಲಿಲ್ಲ.

ನಾನು ಆವತ್ತೇ ಅಣ್ಣನ ಮನೆಗೆ ಹೋಗಿ ಜಾಡಿಸಿಬಿಡುತ್ತಿದ್ದೆ. ಇವರು ಬಿಡಲಿಲ್ಲ. “ನನಗೆ ಬರಲ್ಲ ಕಣೇ. ಇಷ್ಟು ದಿನ ಗದ್ದಲದಲ್ಲಿ ನಡೆದುಹೋಯ್ತು. ಗಾಜಿನ ರೂಮಲ್ಲಿ ಒಬ್ಬನೇ ಕೂತಾಗ ಬಣ್ಣ ಬಯಲಾಯ್ತು. ಅವರು ನನ್ನ ಮರ್ಯಾದೆ ಉಳಿಸಿದಾರೆ, ನೀನು ಕೆದಕಬೇಡ” ಎಂದರು. ಅಷ್ಟು ಹೇಳಿ ಒಳಗೆ ಹೋದರು. ನನಗೆ ಡ್ರಮ್ಮಿನ ಗಂಧಗಾಳಿ ಇಲ್ಲ, ಇಲ್ಲ ರೀ, ನೀವು ಚೆನ್ನಾಗಿ ಬಾರಿಸುತ್ತೀರಿ ಎಂದು ನಾನು ಹೇಳಿದರೆ ಅದಕ್ಕೆ ಮೂರು ಕಾಸಿನ ಬೆಲೆಯೂ ಇರಲಿಲ್ಲ. ಹೇಳಿದೆ. ಹೆಂಡತಿ ಹೇಳುವ ಮಾತು ಎಂದು ನಕ್ಕರು.

ಆಮೇಲೆ ಇವರು ಮಾಡಿದ್ದು ಕೇಳಿ. ದಿಂಬುಗಳನ್ನು ಸಾಲಾಗಿ ಜೋಡಿಸಿಕೊಂಡು, ಕ್ಯಾಸೆಟ್ ಹಾಕಿಕೊಂಡು, ಆ ಬಾಡಿಗೆಯವನ ಏಟುಗಳನ್ನು ಒಂದೊಂದಾಗಿ ಕಲಿತರು. ವೇದಿಕೆಯಲ್ಲಿ ಬೇರೆ ಥರ ಬಾರಿಸಿದರೆ ಜನಕ್ಕೆ ಗೊತ್ತಾಗುತ್ತದೆ, ಅಣ್ಣನಿಗೆ ಮುಖಭಂಗವಾಗುತ್ತದೆ ಎಂದು. ಮುಂದಿನ ಪ್ರದರ್ಶನದಲ್ಲಿ ಆ ಹೊಸ ಏಟುಗಳು ಹಾಗೆಹಾಗೆಯೇ ಬಿದ್ದಾಗ ಅಣ್ಣ ಒಂದು ಕ್ಷಣ ಬೇಸ್ ನಿಲ್ಲಿಸಿದ್ದನ್ನು ನಾನು ಕಂಡೆ. ಇವರಿಗೆ ಗೊತ್ತಾಗಿದೆ ಎಂದು ಅವನಿಗೆ ಗೊತ್ತಾಯಿತು. ಇಬ್ಬರೂ ಗಂಡಸರು, ಹಾಗಾಗಿ ಇಬ್ಬರೂ ಮಾತಾಡಲಿಲ್ಲ.

ಎರಡು ವರ್ಷ ಆ ಹಾಡು ಚೆನ್ನಾಗಿ ಓಡಿತು. ರೇಡಿಯೋದಲ್ಲಿ ಬಂತು, ಸಲೂನುಗಳಲ್ಲಿ ಬಂತು, ಕೆಳಗಿನ ಮಹಡಿಯ ಟೀಚರಮ್ಮ ಸಹ ಮೊಮ್ಮಗನಿಗಾಗಿ ಕ್ಯಾಸೆಟ್ಟಿನ ಮೇಲೆ ಸಹಿ ಹಾಕಿಸಿಕೊಂಡು ಹೋದರು. ಆಗ ಕಂಪನಿಯವನು ಎರಡನೇ ಕ್ಯಾಸೆಟ್ಟಿಗೆ ಕರೆದ. ಇವರು ಬರುವುದಿಲ್ಲ ಎಂದರು. ಸ್ಕೂಲಿದೆ, ಮಗಳು ಚಿಕ್ಕವಳು, ಸೊಂಟ ನೋವು, ಒಂದೊಂದು ಸಲ ಒಂದೊಂದು ನೆಪ. ಗಿಟಾರಿನವನು ಸಿಟ್ಟಿನಲ್ಲಿ, ಬ್ಯಾಂಡಿಗೂ ಬ್ರೇಕ್ ಹಾಕಿಬಿಟ್ಟೆಯಲ್ಲೋ ಎಂದ. ಬೇರೆ ಡ್ರಮ್ಮರನನ್ನು ತಂದು ಮೂರು ತಿಂಗಳು ನೋಡಿದರು, ಅಣ್ಣನಿಗೆ ಒಗ್ಗಲಿಲ್ಲ. ಮೈಕು ಪೂರ್ತಿ ನಿಲ್ದಾಣಕ್ಕೇ ಹೋದ, ಗಿಟಾರಿನವನು ಅಂಗಡಿಯ ಗಲ್ಲಾದಲ್ಲಿ ಕೂತ. ಎರಡನೇ ಮಹಡಿಯ ಕಥೆ ಅಲ್ಲಿಗೆ ಮುಗಿಯಿತು. ಮುಗಿಸಿದವರು ಕ್ಲಚ್ ಸರ್ ಎಂದು ಎಲ್ಲರೂ ಅಂದರು, ಇವರು ಒಪ್ಪಿಕೊಂಡರು. ಡ್ರಮ್ಮನ್ನು ಒಂದು ಶಾಲೆಗೆ ಕೊಟ್ಟುಬಿಟ್ಟರು.

ಹಾಗೆಂದು ಮನೆಗಳ ನಡುವೆ ಮನಸ್ತಾಪವೇನೂ ಆಗಲಿಲ್ಲ. ಅಣ್ಣ ಪ್ರತಿ ಭಾನುವಾರ ಊಟಕ್ಕೆ ಬರುತ್ತಿದ್ದ. ಅತ್ತಿಗೆಯ ಮಂಡಿನೋವು, ನಮ್ಮ ಮಗಳ ಓದು, ಕಾರಿನ ಟೈರು, ಎಲ್ಲ ಮಾತಾಡುತ್ತಿದ್ದರು. ಆ ಒಂದು ವಿಷಯದ ಸುತ್ತ ಮಾತ್ರ, ರಸ್ತೆಯಲ್ಲಿ ಗುಂಡಿ ತಪ್ಪಿಸುವ ಹಾಗೆ, ಇಬ್ಬರೂ ಅಭ್ಯಾಸದಿಂದ ಪಕ್ಕಕ್ಕೆ ಎಳೆದುಕೊಂಡು ಹೋಗುತ್ತಿದ್ದರು. ಕಲಿಯಲು ಬಂದವರ ಮುಂದೆ ಇವರು ಹ್ಞೂಂ ಅನ್ನುತ್ತಿದ್ದದ್ದು ಬಡಾಯಿಗಲ್ಲ. ಅಲ್ಲ ಎಂದರೆ ಮತ್ತೆ ಯಾರು ಎಂದು ಕೇಳುತ್ತಾರೆ, ಯಾಕೆ ಎಂದು ಕೇಳುತ್ತಾರೆ. ನನಗೆ ಬರುತ್ತಿರಲಿಲ್ಲ ಎಂದು ದಿನಕ್ಕೆ ಹತ್ತು ಜನರಿಗೆ ಯಾರು ಹೇಳಿಕೊಂಡಾರು?

ಹೋದ ವರ್ಷ ಊರಿನ ರೇಡಿಯೋದವರು ಹಳೆಯ ಬ್ಯಾಂಡುಗಳ ಬಗ್ಗೆ ಒಂದು ಗಂಟೆಯ ಕಾರ್ಯಕ್ರಮ ಮಾಡಿ ಅಣ್ಣನನ್ನು ಕರೆದರು. ಬೆಳಿಗ್ಗೆ ಹನ್ನೊಂದು ಗಂಟೆಗೆ. ನಾನು ಆಫೀಸಿನಲ್ಲಿ ರೇಡಿಯೋ ಹಾಕಿಕೊಂಡು ಕೂತೆ. ಅಣ್ಣ ಬೆಂಚು ಮುರಿದ ಕಥೆ ಹೇಳಿದ, ಡಕೋಟಾ ಬಸ್ಸಿನ ಕಥೆ ಹೇಳಿದ, ಚೆನ್ನಾಗಿಯೇ ಮಾತಾಡಿದ. ಆಮೇಲೆ ಕಾರ್ಯಕ್ರಮದ ಹುಡುಗಿ ‘ಬಾಗಿಲು ತಳ್ಳು’ವಿನ ಡ್ರಮ್ಮನ್ನು ಹೊಗಳತೊಡಗಿದಳು, ಅಂಥ ಡ್ರಮ್ಮು ಆ ಕಾಲದಲ್ಲಿ ಯಾರೂ ಬಾರಿಸಿರಲಿಲ್ಲ ಎಂದಳು. ಅಣ್ಣ ಒಂದು ನಿಮಿಷ ಎಂದು ಅವಳನ್ನು ತಡೆದ. ಬೇಡ ಅಣ್ಣ ಎಂದು ನಾನು ಇಲ್ಲಿ ಕೂತು ರೇಡಿಯೋಗೆ ಹೇಳುತ್ತಿದ್ದೇನೆ.

“ಅದು ನಮ್ಮ ಡ್ರಮ್ಮರ್ ಬಾರಿಸಿದ್ದಲ್ಲಮ್ಮ. ಬಾಡಿಗೆಗೆ ಕರೆಸಿದವರು ಬಾರಿಸಿದ್ದು. ಅವನಿಗೂ ಹೇಳದೆ ಮಾಡಿದ್ವಿ. ತಪ್ಪೆಲ್ಲಾ ನಂದು” ಎಂದ ಅಣ್ಣ. ಇನ್ನೂ ಏನೋ ಹೇಳಲು ಹೊರಟಿದ್ದ. ಹುಡುಗಿ ಗಾಬರಿಯಾಗಿ ಅಯ್ಯೋ ಹೌದಾ ಸರ್ ಎಂದು ಒಂದು ಸೋಪಿನ ಜಾಹೀರಾತು ಹಾಕಿಬಿಟ್ಟಳು.

ಇವರು ಆ ಹೊತ್ತಿಗೆ ಒಬ್ಬ ನರ್ಸಿಗೆ ಪಾರ್ಕಿಂಗ್ ಕಲಿಸುತ್ತಿದ್ದರು. ಕಾರಿನಲ್ಲೂ ರೇಡಿಯೋ. ಆಮೇಲೆ ಆ ನರ್ಸೇ ನನಗೆ ಹೇಳಿದಳು, ಸರ್ ರೇಡಿಯೋ ಆರಿಸಲಿಲ್ಲ, ಬಲಕ್ಕೆ ಪೂರ್ತಿ ತಿರುಗಿಸು, ನಿಧಾನ, ಹಿಂದೆ ನೋಡು ಎಂದು ಹೇಳುತ್ತಲೇ ಇದ್ದರು, ಕಾರು ಗೆರೆಯೊಳಗೆ ಸರಿಯಾಗಿ ನಿಂತ ಮೇಲೆ ಶಹಬ್ಬಾಸ್ ಕೂಡ ಎಂದರು ಎಂದು. ಮಧ್ಯಾಹ್ನ ಬಂದು ಉಂಡರು. ಮತ್ತೆ ಪಾಠಕ್ಕೆ ಹೋದರು. ಪೆನ್‌ಡ್ರೈವನ್ನು ಕಿತ್ತು ಮೇಜಿನ ಖಾನೆಯಲ್ಲಿ ಹಾಕಿ ಹೋಗಿದ್ದರು.

ಮುಂದಿನ ನಾಲ್ಕು ದಿನ ಊರು ತನ್ನ ಕೆಲಸ ತಾನು ಮಾಡಿತು. ಹಾಲಿನ ಅಂಗಡಿಯವನು, ಸರ್, ಕಾರಾದರೂ ನೀವೇ ಓಡಿಸುತ್ತೀರೋ ಅಥವಾ ಬಾಡಿಗೆಯವರೋ ಎಂದು ನಕ್ಕ. ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿ, ನಮ್ಮ ಮುಂದೆ ಇಷ್ಟು ವರ್ಷ ಹಾಗೆ ಹೇಳಿದ್ದು ಸರಿಯೇ ಎಂದು ನ್ಯಾಯ ಕೇಳಿದ. ಇವರು ಯಾರಿಗೂ ಎದುರಾಡಲಿಲ್ಲ. ನಾನು ಅಣ್ಣನಿಗೆ ಫೋನ್ ಮಾಡಿ ಇಪ್ಪತ್ತೈದು ವರ್ಷದ ಬಾಕಿ ಬೈಗುಳವನ್ನು ಒಂದೇ ಉಸಿರಿನಲ್ಲಿ ತೀರಿಸಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವ ಹಾಗೆ ಈಗ ಬಂತಾ ನಿನಗೆ ಮಾತು ಎಂದೆ. ಮನಸ್ಸು ಹಗುರ ಮಾಡಿಕೊಳ್ಳೋಣ ಎಂದುಕೊಂಡೆ ಕಣೇ ಎಂದ. ಹಗುರವಾದದ್ದು ನಿನ್ನದು, ಇಳಿಸಿದ್ದು ಇವರ ತಲೆಯ ಮೇಲೆ ಎಂದು ಫೋನ್ ಇಟ್ಟೆ.

ಭಾನುವಾರ ಅವನು ಬರುವುದಿಲ್ಲ ಎಂದುಕೊಂಡಿದ್ದೆ. ಬಂದ. ಮೂವರೂ ಕೂತು ಉಂಡೆವು. ಕೈ ತೊಳೆದು ಬಂದ ಮೇಲೆ ಇವರೇ ಶುರು ಮಾಡಿದರು, ಧ್ವನಿ ಏರಿಸದೆ.

“ಊರಿಗೆಲ್ಲಾ ಹೇಳ್ದೆ. ನನಗೆ ಹೇಳ್ಲಿಲ್ಲ.”

“ನಿನಗೆ ಗೊತ್ತಿತ್ತಲ್ಲೋ.”

“ಗೊತ್ತಿತ್ತು. ನೀನು ಹೇಳ್ಲಿಲ್ಲ.”

ಅಣ್ಣ ತಲೆ ತಗ್ಗಿಸಿದ. ಇವರಿಗೆ ಅದನ್ನು ನೋಡಲಾಗಲಿಲ್ಲ. ಇವರ ಸ್ವಭಾವವೇ ಹಾಗೆ, ಎದುರಿನವರ ಕಾರು ನಿಂತುಹೋದರೆ ತಾವೇ ಇಳಿದು ತಳ್ಳುವವರು. ಹೋಗಲಿ ಬಿಡು, ನನಗೆ ಬರುತ್ತಿರಲಿಲ್ಲ, ನೀವು ಮಾಡಿದ್ದೇ ಸರಿ, ಹಾಗೆ ಮಾಡಿದ್ದಕ್ಕೇ ಹಾಡು ಉಳಿಯಿತು ಎಂದರು.

ಅಣ್ಣ ತಲೆ ಎತ್ತಿ ನೋಡಿದ. ಇವರಿಗೆ ಮೋಸವಾಯಿತು ಎಂಬ ಸಂಕಟವನ್ನು ಅವನು ಇಷ್ಟು ವರ್ಷ ಹೊತ್ತಿದ್ದ, ನಿಜ. ಆದರೆ ಇವರು ತಮಗೆ ಬರುವುದೇ ಇಲ್ಲ ಎಂದು ನಂಬಿಕೊಂಡು ಕೂತಿದ್ದಾರೆ ಎಂಬುದು ಅವನ ತಲೆಗೆ ಹೊಳೆದೇ ಇರಲಿಲ್ಲ.

“ನಿನಗೆ ಬರ್ತಿರಲಿಲ್ಲ ಅಂತ ಯಾರೋ ಹೇಳಿದ್ದು?”

“ಯಾರಾದ್ರೂ ಹೇಳ್ಬೇಕೇನೋ? ಎರಡು ದಿನ ನೀನೇ ನೋಡಿದೆಯಲ್ಲ.”

ಆಗ ಅಣ್ಣ ಹೇಳಿದ. ಹಿಮ್ಮಡಿಯ ವಿಷಯ, ಪಾದ ಉಳುಕಿದ ಭಾನುವಾರದ ವಿಷಯ, ಯಾಕೆ ತಾನು ಜನಕ್ಕೆ ಬೆನ್ನು ತೋರಿಸಿ ನಿಲ್ಲುತ್ತಿದ್ದೆ ಎಂಬ ವಿಷಯ, ಸೋಫಾ, ಗಾಜು, ಕೇಳದೆ ಉಳಿದ ಆ ಒಂದು ಕುರ್ಚಿ. ಒಂದನ್ನೂ ಬಿಡದೆ, ಯಂತ್ರ ಬಿಚ್ಚಿ ತೋರಿಸುವವನ ಹಾಗೆ ಹೇಳಿದ. ರೇಡಿಯೋದಲ್ಲಿ ಹೇಳಲು ಹೊರಟಿದ್ದು ಇದನ್ನೇ, ಅಷ್ಟರಲ್ಲಿ ಸೋಪು ಬಂತು ಎಂದ. ಈ ಕೆಲಸದಲ್ಲಿ ಎಲ್ಲರೂ ಯಾವುದಾದರೂ ಒಂದನ್ನು ಹಿಡಿದುಕೊಂಡೇ ಬಾರಿಸುತ್ತಾರೆ, ನಾನು ನಿನ್ನ ಡ್ರಮ್ಮು ಹಿಡಿದುಕೊಂಡು ಬಾರಿಸುತ್ತಿದ್ದೆ, ನೀನಿಲ್ಲದೆ ಆ ಮೂರು ತಿಂಗಳು ನನ್ನ ಕೈಯಿಂದಲೂ ಆಗಲಿಲ್ಲ, ನೋಡಲಿಲ್ಲವೇ ಎಂದು ಕೇಳಿದ.

ಇವರು ಪೂರ್ತಿ ಕೇಳಿದರು. ಯಾವ ಕಾಲು ಎಂದು ಕೇಳಿದರು. ಬಲಗಾಲು ಎಂದ ಅಣ್ಣ. ಎಷ್ಟು ವರ್ಷದಿಂದ ಗೊತ್ತಿತ್ತು ಎಂದರು. ಮೊದಲ ವರ್ಷದಿಂದ ಎಂದ. ನಾನು ಇವರ ಮುಖವನ್ನೇ ನೋಡುತ್ತಿದ್ದೆ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಇವರಿಗೆ ಸಿಟ್ಟು ಬಂದದ್ದನ್ನು ಕಂಡೆ.

“ಒಂದು ಕುರ್ಚಿ” ಎಂದರು. “ಒಂದು ಕುರ್ಚಿ ಕೇಳೋಕಾಗಲಿಲ್ವೇನೋ ನಿನಗೆ?”

ಅಣ್ಣ ಅಳುತ್ತಿದ್ದ. ಐವತ್ತೆಂಟರ ಗಂಡಸು ನಮ್ಮ ಊಟದ ಮೇಜಿನ ಮೇಲೆ ಮೊಣಕೈ ಊರಿ ಅತ್ತ. ಇವರು ಎದ್ದು ಹೊರಗೆ ಹೋದರು. ಬೀದಿಯ ಕೊನೆಯವರೆಗೆ ನಡೆದದ್ದು ಕಿಟಕಿಯಿಂದ ಕಂಡಿತು, ಆಮೇಲೆ ತಿರುವಿನಲ್ಲಿ ಮರೆಯಾದರು. ಅಣ್ಣ ನಾನು ಹೊರಡುತ್ತೇನೆ ಎಂದ. ನಾನು ಕೂತುಕೊಳ್ಳಣ್ಣ ಎಂದು ಗದರಿದೆ. ಓಡಿಹೋಗುವುದಕ್ಕೆ ನಿನಗೆ ಇಪ್ಪತ್ತೈದು ವರ್ಷ ಸಮಯವಿತ್ತು, ಇವತ್ತು ಕೂತಿರು ಎಂದೆ.

ಮುಕ್ಕಾಲು ಗಂಟೆ ಆಯಿತು. ನಾನು ತಟ್ಟೆಗಳನ್ನು ತೊಳೆದೆ, ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ. ಇವರು ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಒಳಗೆ ಬರಲಿಲ್ಲ, ಚೌಕಟ್ಟಿಗೆ ಕೈ ಊರಿ ನಿಂತರು. ಮುಖದಲ್ಲಿ ಸಿಟ್ಟು ಇನ್ನೂ ಇತ್ತು, ಆದರೆ ಅದರ ಪಕ್ಕದಲ್ಲೇ ಇನ್ನೊಂದು ಏನೋ ಇತ್ತು, ಪರೀಕ್ಷೆ ಮುಗಿಸಿ ಫಲಿತಾಂಶಕ್ಕೆ ಕಾಯುವವರ ಮುಖದಲ್ಲಿ ನಾನು ದಿನಾ ನೋಡುವಂಥದ್ದು.

“ಹಾಗಾದ್ರೆ ನಾನು ಚೆನ್ನಾಗೇ ಬಾರಿಸ್ತಿದ್ದೆ” ಎಂದರು.

“ಚೆನ್ನಾಗಿ ಬಾರಿಸ್ತಿದ್ದೆ ಕಣೋ” ಎಂದ ಅಣ್ಣ.

ಇವರು ಒಳಗೆ ಬಂದು ಅವನ ಎದುರಿನ ಕುರ್ಚಿ ಎಳೆದು ಕೂತರು. ಇನ್ನೊಂದು ಸಲ ಹೇಳು ಎಂದರು. ಅಣ್ಣ ಕಣ್ಣೊರೆಸಿಕೊಂಡು ಇನ್ನೊಂದು ಸಲ ಹೇಳಿದ.